‘ಇಲ್ಲ’ ಕೇಳಿಸುವ ಹಾಗೆ ನಿಲ್ಲಿ

ಶಿರಸಿಯ ಸೊಸೈಟಿ ಸಭಾಂಗಣದಲ್ಲಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಮಾಹಿತಿ ಕೊಡುವವರು ‘ಮಳೆ ಹಿಡಿದ ಮೇಲೆ ಮೊದಲ ಮದ್ದು ಹೊಡೆದರೆ ಸಾಕಾಗುವುದಿಲ್ಲ’ ಎನ್ನುತ್ತಾರೆ ಅಂದುಕೊಳ್ಳಿ. ಹಿಂದಿನ ಸಾಲಿಗೆ ‘ಸಾಕಾಗು...’ವರೆಗೆ ಮಾತ್ರ ಮುಟ್ಟಿದರೆ ಅರ್ಥವೇ ತಿರುಗಿಹೋಯಿತು. ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ವೂ ಬರುವುದು ವಾಕ್ಯದ ತುದಿಗೆ, ಉಸಿರು ಮುಗಿಯುವುದೂ ಅಲ್ಲೇ. ಸಭೆಯಲ್ಲಿ ಮಾತಾಡುವುದನ್ನು ಕಲಿಸುವಾಗ ನಿಲ್ಲುವ ಭಂಗಿಯನ್ನು ನಾವು ಮೊದಲು ತಿದ್ದುವುದು ಈ ಕಾರಣಕ್ಕೆ.

ಲ್ಯಾಪ್‌ಟಾಪ್ ಮೇಲೆ ಬಗ್ಗಿದರೆ ಹೊಟ್ಟೆ ಒತ್ತಿ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಸಾಲದು. ಉಸಿರು ಅರ್ಧ ವಾಕ್ಯಕ್ಕೇ ಖರ್ಚಾಗುತ್ತದೆ. ಪಾದಗಳ ನಡುವೆ ಸುಮಾರು ಒಂದು ಅಡಿ ಅಂತರವಿರಲಿ, ಭಾರ ಎರಡೂ ಕಾಲಿಗೆ ಸಮನಾಗಿರಲಿ. ಮೊಣಕಾಲು ಸೆಟೆಸಬೇಡಿ. ಸೆಟೆದು ನಿಂತರೆ ಕಾಲಿನಲ್ಲಿ ರಕ್ತ ಉಳಿದು, ಕಾರವಾರದ ಮೇ ತಿಂಗಳ ಸೆಕೆಯಲ್ಲಿ ತಲೆ ಸುತ್ತುವುದೂ ಉಂಟು. ಮಾತು ಶುರುಮಾಡುವ ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಿ, ಮುಂದಿನ ಉಸಿರು ತಾನಾಗಿ ಆಳಕ್ಕೆ ಇಳಿಯುತ್ತದೆ. ತಾಳಮದ್ದಳೆಯ ಅರ್ಥಧಾರಿಗಳನ್ನು ಗಮನಿಸಿ: ಕೂತೇ ಮಾತಾಡುತ್ತಾರೆ, ಆದರೆ ಬೆನ್ನು ನೆಟ್ಟಗಿದ್ದಾಗ ಪದದ ಕೊನೆಯ ಅಕ್ಷರವೂ ಸಭೆಗೆ ಮುಟ್ಟುತ್ತದೆ.

ಪರದೆಯಿದ್ದರೆ ಸಭಿಕರ ಎಡಕ್ಕೆ ನಿಲ್ಲಿ. ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುವುದರಿಂದ ನಿಮ್ಮ ಮುಖದಿಂದ ಸಾಲಿನ ಮೊದಲ ಅಕ್ಷರಕ್ಕೆ ಹತ್ತಿರ. ಆಗ ಪರದೆ ನಿಮ್ಮ ಎಡಗೈ ಬದಿಗೆ ಬರುತ್ತದೆ. ಮೈಕ್ ಬಲಗೈಯಲ್ಲಿರಲಿ, ತೋರಿಸುವುದು ಎಡಗೈಯಲ್ಲಿ. ಬಲಗೈ ಚಾಚಿದರೆ ಸಭೆಗೆ ಬೆನ್ನಾಗುತ್ತದೆ. ತೋರಿಸುವಾಗ ಮಾತು ನಿಲ್ಲಲಿ. ಸಭೆಯ ಕಡೆ ತಿರುಗಿದ ಮೇಲೆ ಮುಂದುವರಿಸಿ, ಇಲ್ಲದಿದ್ದರೆ ತಲೆ ತಿರುಗಿ ಮೈಕ್ ಇದ್ದಲ್ಲೇ ಉಳಿದು ಕೊನೆಯ ಪದ ಗೋಡೆಗೆ ಹೋಗುತ್ತದೆ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ತುಸು ಕೆಳಗಿರಲಿ. ಆಗ ಪ, ಫ, ಬ, ಭ ಅಕ್ಷರಗಳ ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ. ಅದರ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯುವ ಅಭ್ಯಾಸ ಬಿಡಲೇಬೇಕು: ಸುತ್ತಲಿನ ಸದ್ದನ್ನು ತಡೆಯುವ ಗುಣ ಕೆಟ್ಟು ಸ್ಪೀಕರ್ ಕೂಗತೊಡಗುತ್ತದೆ.

ದೃಷ್ಟಿಗೂ ಕ್ರಿಯಾಪದವೇ ಅಳತೆ. ಒಂದು ವಾಕ್ಯ ಒಬ್ಬರಿಗೆ. ‘ಹಾಕಬೇಕು’, ‘ಹಾಕಬಾರದು’ ಮುಗಿಯುವವರೆಗೆ ಅವರ ಮುಖದಿಂದ ಕಣ್ಣು ತೆಗೆಯಬೇಡಿ. ಆಮೇಲೆ ಎರಡು ಸೆಕೆಂಡ್ ಬಿಡುವು. ಕೊಂಕಣಿ ಮನೆಮಾತಿನವರು ಹೆಚ್ಚಿರುವ ಕರಾವಳಿಯ ಸಭೆಗಳಲ್ಲಿ ಈ ಬಿಡುವು ತುಂಬ ಉಪಕಾರಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆಯಂಥ ಅಂಕಿ — 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ — ಹೇಳುವಾಗಂತೂ ಪ್ರತಿ ಅಂಕಿಗೂ ಬೇಕು.

ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಕಿರುಚಬೇಡಿ. ಗಂಟಲು ಬಿಗಿದು ದನಿ ಸಣ್ಣಗಾಗುತ್ತದೆಯೇ ಹೊರತು ದೂರ ಹೋಗುವುದಿಲ್ಲ. ವೇದಿಕೆ ಇಳಿದು ಜನರ ನಡುವೆ ಬನ್ನಿ, ನಾಲ್ಕೈದು ಪದಗಳ ಸಣ್ಣ ವಾಕ್ಯಗಳಲ್ಲಿ ಹೇಳಿ.

ಅಭ್ಯಾಸಕ್ಕೆ ಮೊಬೈಲನ್ನು ಕೊನೆಯ ಸಾಲಿನ ಕುರ್ಚಿಯ ಮೇಲಿಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ. ಕೇಳುತ್ತ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಬರೆದುಕೊಳ್ಳಿ. ಪದ ಕೇಳಿಸದ ವಾಕ್ಯವನ್ನು ಎರಡಾಗಿ ಒಡೆದು, ನಡುವೆ ಉಸಿರಿಗೆ ಗುರುತು ಹಾಕಿಕೊಳ್ಳಿ.