ಹರಿದ ಲಿಗಮೆಂಟ್: ಹೊಲಿಯುವುದೋ, ಹೊಸದು ಕೂರಿಸುವುದೋ?

ಕೊಡಗಿನಲ್ಲಿ ಏಪ್ರಿಲ್ ಬಂತೆಂದರೆ ಹಾಕಿ, ಮೇ ಮುಗಿಯುವ ಹೊತ್ತಿಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡವರ ಸಾಲು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅದರ ಜೊತೆಗೆ ಊರೂರಿನ ಟೂರ್ನಿಗಳು, ಮಳೆಗಾಲದ ಕೆಸರುಗದ್ದೆ ಆಟಗಳು. ವರ್ಷವಿಡೀ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ನಾಲ್ಕು ದಿನ ರಜೆ ಹಾಕಿ ಬಂದು ಸ್ಟಿಕ್ ಹಿಡಿಯುತ್ತಾರೆ. ಮನಸ್ಸಿಗೆ ಇನ್ನೂ ಇಪ್ಪತ್ತು, ಮಂಡಿಗೆ ಮಾತ್ರ ಸರಿಯಾದ ವಯಸ್ಸು ಗೊತ್ತಿರುತ್ತದೆ.

ನನ್ನ ಅಣ್ಣನ ಮಗನಿಗೆ ಆ ನೆಪವೂ ಇರಲಿಲ್ಲ. ಅವನಿಗೆ ಹತ್ತೊಂಬತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಸೋಮವಾರಪೇಟೆ ಕಡೆಯ ಒಂದು ಟೂರ್ನಿ. ಚೆಂಡಿನ ಹಿಂದೆ ಓಡುತ್ತಾ ಎಡಗಾಲು ಊರಿ ಗಕ್ಕನೆ ತಿರುಗಿದ. ಯಾರೂ ಮುಟ್ಟಿರಲಿಲ್ಲ. "ಟಪ್ ಅಂತು ಚಿಕ್ಕಪ್ಪ, ಪಕ್ಕದವನಿಗೂ ಕೇಳಿಸ್ತು" ಎಂದ. ಸಂಜೆಯೊಳಗೆ ಮಂಡಿ ಊದಿ ಗುಂಡಗಾಯಿತು. ಎಣ್ಣೆ ತಿಕ್ಕಿದ್ದಾಯಿತು, ಸೊಪ್ಪು ಕಟ್ಟಿದ್ದಾಯಿತು. ಎರಡು ವಾರಕ್ಕೆ ಊತ ಇಳಿಯಿತು, ವಾಸಿ ಆಯ್ತು ಅಂದುಕೊಂಡೆವು. ಐದನೇ ವಾರ ತೋಟದ ಇಳಿಜಾರಿನಲ್ಲಿ ಇಳಿಯುವಾಗ ಮಂಡಿ ಕಳಚಿಕೊಂಡ ಹಾಗಾಗಿ ಕಾಫಿ ಗಿಡದ ಮೇಲೆ ಬಿದ್ದ.

ಆಮೇಲೆ ಎಂಆರ್‌ಐ. ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಕಟ್. ಮೈಸೂರಿನ ಡಾಕ್ಟರು ಹೊಸ ಲಿಗಮೆಂಟ್ ಕೂರಿಸಬೇಕು ಎಂದರು. ಮಂಗಳೂರಿನವರು, ಮೊದಲೇ ಬಂದಿದ್ದರೆ ಹೊಲಿಯಬಹುದಿತ್ತೇನೋ ಎಂದರು. ಬೆಂಗಳೂರಿನ ಇನ್ನೊಬ್ಬರು ಈಗಲೂ ಹೊಲಿಯಬಹುದು ಎಂದರು. ಒಂದೇ ಮಂಡಿ, ಒಂದೇ ಸಿಡಿ, ಮೂರು ಮಾತು. ಅಣ್ಣನಿಗೆ ಸಿಟ್ಟು ಬಂತು. ಆದರೆ ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಈ ಜಗಳಕ್ಕೆ ನೂರು ವರ್ಷ ದಾಟಿದೆ.

ಎಸಿಎಲ್ ಅಂದರೆ ಮಂಡಿಯ ನಟ್ಟನಡುವೆ ತೊಡೆ ಮೂಳೆಗೂ ಕಣಕಾಲಿನ ಮೂಳೆಗೂ ಓರೆಯಾಗಿ ಬಿಗಿದ ನಾರಿನ ಹಗ್ಗ. ಉದ್ದ ಮೂರು ಸೆಂಟಿಮೀಟರ್ ಆಸುಪಾಸು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಮಂಡಿ ತಪ್ಪದಂತೆ ಹಿಡಿಯುವುದು ಇದರ ಕೆಲಸ. ಇದು ಹರಿದರೆ ದಾರಿ ಎರಡು. ಹರಿದ ತುದಿಯನ್ನೇ ಎಳೆದು ಮೂಳೆಗೆ ಹೊಲಿಯುವುದು ರಿಪೇರ್. ಅದನ್ನು ಬಿಟ್ಟು, ನಮ್ಮದೇ ಮೈಯ ಬೇರೆ ಕಡೆಯಿಂದ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ನಾರು, ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು ಕೂರಿಸುವುದು ರೀಕನ್‌ಸ್ಟ್ರಕ್ಷನ್.

ಮೊದಲು ಬಂದದ್ದು ಹೊಲಿಗೆ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಎಂಬ ಸರ್ಜನ್ ಒಬ್ಬ ಗಣಿ ಕಾರ್ಮಿಕನ ಮಂಡಿಯಲ್ಲಿ ಹರಿದಿದ್ದನ್ನು ಹೊಲಿದರು. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ಪಟ್ಟಿಯನ್ನೇ ಬಳಸಿ ಹೊಸ ಲಿಗಮೆಂಟ್ ಮಾಡಿದರು. ಆದರೂ ಮುಂದಿನ ಐದಾರು ದಶಕ ಹೊಲಿಗೆಯದೇ ಮೇಲುಗೈ.

ಏಟು ಬಿದ್ದದ್ದು 1976ರಲ್ಲಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಜಾನ್ ಫೀಗಿನ್ ಅವರು ಕೆಡೆಟ್‌ಗಳ ಎಸಿಎಲ್ ಹೊಲಿದಿದ್ದರು. ಎರಡು ವರ್ಷಕ್ಕೆ ನೋಡಿದಾಗ ಹೆಚ್ಚಿನವರ ಮಂಡಿ ಚೆನ್ನಾಗಿತ್ತು. ಐದು ವರ್ಷಕ್ಕೆ ಮತ್ತೆ ಕರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನರ ಮಂಡಿಗೆ ಮತ್ತೆ ಪೆಟ್ಟಾಗಿತ್ತು. ತಮ್ಮದೇ ಕೆಲಸ ಸೋತಿದ್ದನ್ನು ಅವರೇ ಬರೆದು ಪ್ರಕಟಿಸಿದರು. ಹಾಗೆ ಬರೆಯುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಸೋತದ್ದು ಯಾಕೆ? ಮಂಡಿಯ ಒಳಪಕ್ಕದಲ್ಲಿ ಎಂಸಿಎಲ್ ಅಂತ ಇನ್ನೊಂದು ಲಿಗಮೆಂಟ್ ಇದೆ. ಅದು ಹರಿದರೆ ಬ್ರೇಸ್ ಹಾಕಿ ಬಿಟ್ಟರೂ ಎಷ್ಟೋ ಸಲ ತಾನೇ ಕೂಡಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಕಾಲುಸಂಕದ ಹಾಗೆ ನಿಲ್ಲುತ್ತದೆ, ಅದರ ಮೇಲೆ ಹೊಸ ನಾರು ಬೆಳೆಯುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ಒಳಗೆ. ಅಲ್ಲಿ ಹೆಪ್ಪು ನಿಲ್ಲುವುದೇ ಇಲ್ಲ, ಕರಗಿ ಹೋಗುತ್ತದೆ. ಸಂಕ ಕಟ್ಟುವ ಮೊದಲೇ ಹೊಳೆ ಕೊಚ್ಚಿಕೊಂಡು ಹೋದ ಹಾಗೆ.

ಆಮೇಲೆ ಹೊಸದು ಕೂರಿಸುವವರ ಕಾಲ. 80ರ ದಶಕದಲ್ಲಿ ಗೋರ್‌ಟೆಕ್ಸ್, ಕಾರ್ಬನ್ ಫೈಬರ್‌ನಂಥ ಕೃತಕ ಲಿಗಮೆಂಟ್‌ಗಳೂ ಬಂದವು. ಸವೆದು ಹರಿದವು, ಮಂಡಿ ಊದಿಸಿದವು. ಉಳಿದದ್ದು ಮೈಯದೇ ಟೆಂಡನ್. ಮಂಡಿಚಿಪ್ಪಿನ ಕೆಳಗಿನದು, ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ಈಗೀಗ ನಮ್ಮ ದೇಶದಲ್ಲಿ ಕಣಕಾಲಿನ ಹೊರಬದಿಯ ಪೆರೋನಿಯಸ್. ಆರ್ತ್ರೋಸ್ಕೋಪಿ, ಅಂದರೆ ಜನ ಕೀಹೋಲ್ ಅನ್ನುವುದು, ಬಂದ ಮೇಲೆ ಮಂಡಿಯನ್ನು ಅಗಲಕ್ಕೆ ಕೊಯ್ಯುವುದೂ ತಪ್ಪಿತು. ಹೊಲಿಗೆ ಮೂಲೆ ಸೇರಿತು.

ಹಾಗಾದರೆ ಈಗ ಮತ್ತೆ ಯಾಕೆ ಹೊಲಿಗೆಯ ಮಾತು? 1991ರಲ್ಲಿ ಶೆರ್ಮನ್ ಮತ್ತು ಜೊತೆಗಾರರು ಹಳೆಯ ಹೊಲಿಗೆಗಳನ್ನು ವಿಂಗಡಿಸಿ ನೋಡಿದರು. ಹಗ್ಗ ನಡುವೆ ಹರಿದವರಿಗಿಂತ, ಮೇಲೆ ತೊಡೆ ಮೂಳೆಯ ಗೂಟದಿಂದಲೇ ಕಿತ್ತು ಬಂದವರಿಗೆ ಗುಣವಾಗುವ ಸಾಧ್ಯತೆ ಜಾಸ್ತಿ ಎಂಬ ಸುಳಿವು ಸಿಕ್ಕಿತು. ಅದನ್ನೇ ಹಿಡಿದು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಹೊಸ ಹೊಲಿಗೆ ಬಂದಿದೆ. ಮೇಲೆ ಕಿತ್ತಿರಬೇಕು, ಉಳಿದ ನಾರು ಗಟ್ಟಿ ಇರಬೇಕು, ಪೆಟ್ಟಾಗಿ ಕೆಲವೇ ವಾರ ಆಗಿರಬೇಕು. ಹೊಲಿಗೆಗೆ ಆಸರೆಯಾಗಿ ಪಕ್ಕದಲ್ಲಿ ಗಟ್ಟಿ ಟೇಪ್ ಹಾಕುತ್ತಾರೆ, ಎಳೆ ಗಿಡಕ್ಕೆ ಕೋಲು ಊರಿದ ಹಾಗೆ.

ಬಾಸ್ಟನ್‌ನ ಸರ್ಜನ್ ಮಾರ್ಥಾ ಮರ್ರೆ ಬೇರೆ ದಾರಿ ಹಿಡಿದರು. ಹೆಪ್ಪು ಕರಗುವುದೇ ಸಮಸ್ಯೆ ತಾನೇ? ದನದ ಅಂಗಾಂಶದ ಕೊಲಾಜನ್ ಎಂಬ ನಾರಿನ ಪ್ರೋಟೀನ್‌ನಿಂದ ಸ್ಪಂಜು ಮಾಡಿ, ಅದನ್ನು ರೋಗಿಯದೇ ರಕ್ತದಲ್ಲಿ ನೆನೆಸಿ, ಹರಿದ ತುದಿಗಳ ನಡುವೆ ಇಟ್ಟರು. ಇದರ ಹೆಸರು ಬೇರ್. 2020ರ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಪೆಟ್ಟಾದ 50 ದಿನದೊಳಗೆ ಮಾಡಬೇಕೆಂಬ ಷರತ್ತಿನ ಜೊತೆಗೆ. 100 ಜನರ ಅಧ್ಯಯನದಲ್ಲಿ ಎರಡು ವರ್ಷದ ಫಲ ರೀಕನ್‌ಸ್ಟ್ರಕ್ಷನ್‌ಗೆ ಸರಿಸಮವಾಗಿಯೇ ಬಂತು. ಎರಡು ವರ್ಷ ಅಂದಾಗ ನನಗೆ ಆ ಕೆಡೆಟ್‌ಗಳು ನೆನಪಾಗುತ್ತಾರೆ. ಅದು ನನ್ನ ಅನುಮಾನ ಅಷ್ಟೇ.

ಅನುಮಾನಕ್ಕೆ ಕಾರಣವೂ ಇದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹದಿಹರೆಯದವರಿಗೆ ಟೇಪ್ ಆಸರೆಯ ಹೊಲಿಗೆ ಹಾಕಿ ಮೂರು ವರ್ಷ ನೋಡಿದರು. ಸೋತ ಪ್ರಮಾಣ 48.8 ಶೇಕಡ. ಹೊಸ ಲಿಗಮೆಂಟ್ ಕೂರಿಸಿದವರಲ್ಲಿ 4.7. ಮೈದಾನಕ್ಕೆ ಮರಳಿ ಓಡಿ, ತಿರುಗಿ, ಜಿಗಿಯಬೇಕಾದ ವಯಸ್ಸಿನವರಿಗೆ ಇದು ಸಣ್ಣ ಅಂತರವಲ್ಲ. ಬೈಕ್‌ನಿಂದಲೋ ಮೆಣಸು ಕೊಯ್ಯುವ ಏಣಿಯಿಂದಲೋ ಬಿದ್ದು ಮಂಡಿಯ ಹೊರಮೂಲೆಯ ಲಿಗಮೆಂಟ್‌ಗಳು ಹರಿದಾಗಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ. 2005ರ ಒಂದು ಅಧ್ಯಯನದಲ್ಲಿ ಹೊಲಿದವು ಸೋತದ್ದು 37 ಶೇಕಡ, ಹೊಸದಾಗಿ ಕಟ್ಟಿದವು 9.

ಹೊಲಿಗೆಯ ಪರವಾಗಿ ಹೇಳುವುದಿದೆ. ನಮ್ಮದೇ ಲಿಗಮೆಂಟ್ ಉಳಿಯುತ್ತದೆ, ಅದರ ನರವೂ ಉಳಿಯುತ್ತದೆ. ತೊಡೆಯಿಂದ ಟೆಂಡನ್ ಕದಿಯಬೇಕಾಗಿಲ್ಲ. ಸೋತರೆ ಹೊಸದು ಕೂರಿಸುವ ದಾರಿ ತೆರೆದೇ ಇರುತ್ತದೆ. ಹಾಕಿ ಸ್ಟಿಕ್ ಕೆಳಗಿಟ್ಟ, ಬೇಗ ಆಸ್ಪತ್ರೆ ಮುಟ್ಟಿದ, ಗೂಟದಿಂದ ಕಿತ್ತ ನಲವತ್ತರ ಮಂಡಿಗೆ ಇದು ಒಳ್ಳೆಯ ಆಯ್ಕೆಯೇ. ಆದರೆ ನಮ್ಮಲ್ಲಿ ಬೇಗ ಮುಟ್ಟುವವರು ಯಾರು? ಎಣ್ಣೆಗೆ ಎರಡು ವಾರ, ಬಿಡುವಿಗೆ ಒಂದು ವಾರ, ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ಹೊಲಿಯುವ ಗಡುವು ದಾರಿಯಲ್ಲೇ ಮುಗಿದಿರುತ್ತದೆ.

ಮೂರನೆಯ ದಾರಿಯೊಂದಿದೆ, ಅದನ್ನು ಹೇಳಿದರೆ ಮಾತ್ರ ಯಾರೂ ಕೇಳುವುದಿಲ್ಲ. ಸ್ವೀಡನ್ನಿನಲ್ಲಿ 121 ಯುವಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಅರ್ಧ ಜನರಿಗೆ ಬೇಗ ಆಪರೇಷನ್. ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್. ಐದು ವರ್ಷಕ್ಕೆ ಈ ಎರಡನೇ ಗುಂಪಿನಲ್ಲಿ ಅರ್ಧದಷ್ಟು ಜನ ಆಪರೇಷನ್ ಇಲ್ಲದೇ ಉಳಿದಿದ್ದರು, ಮಂಡಿಯ ಸ್ಥಿತಿಯಲ್ಲಿ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಹುಡುಗ ಆಡಲೇಬೇಕು ಎಂದ. ಜುಲೈನಲ್ಲಿ ಹ್ಯಾಮ್‌ಸ್ಟ್ರಿಂಗ್ ತೆಗೆದು ಹೊಸದು ಕೂರಿಸಿದರು. ಮನೆಗೆ ಬಂದಾಗ ಜಡಿಮಳೆ. ಅಂಗಳದ ತುಂಬಾ ಪಾಚಿ. ಊರುಗೋಲಿನ ರಬ್ಬರು ಜಾರುತ್ತದೆಂದು ಅತ್ತಿಗೆ ಜೀಪಿನಿಂದ ಜಗಲಿಯವರೆಗೆ ಗೋಣಿಚೀಲ ಹಾಸಿದ್ದರು. ಅಕ್ಟೋಬರ್ ಬರುವಷ್ಟರಲ್ಲಿ ನೋವು ಇರಲಿಲ್ಲ. "ಇನ್ನೇನು, ಸುಮ್ನೆ ಒಂದು ರೌಂಡ್ ಓಡ್ಲಾ?" ಅಂತ ಶುರು ಮಾಡಿದ. ಅಪಾಯ ಅಲ್ಲೇ ಇರುವುದು. ಕೂರಿಸಿದ ಟೆಂಡನ್ ಮೊದಲು ಸೊರಗುತ್ತದೆ, ಆಮೇಲೆ ನಿಧಾನಕ್ಕೆ ರಕ್ತನಾಳ ಬೆಳೆದು ಲಿಗಮೆಂಟ್‌ನಂತಾಗುತ್ತದೆ. ಮೊದಲ ತಿಂಗಳುಗಳಲ್ಲಿ ನೋವಿಲ್ಲ ಅಂದರೆ ಗಟ್ಟಿಯಾಗಿದೆ ಅಂತಲ್ಲ. 2016ರ ಒಂದು ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟ ಮುಂದೂಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಅರ್ಧದಷ್ಟು ಇಳಿಯುತ್ತಾ ಹೋಗುತ್ತದೆ.

ಈ ಏಪ್ರಿಲ್‌ಗೆ ಸರಿಯಾಗಿ ಒಂಬತ್ತು ತಿಂಗಳು. ಫಿಸಿಯೋ ಒಂಟಿಕಾಲಲ್ಲಿ ಕುಪ್ಪಳಿಸಲು ಹೇಳಿ ಟೇಪ್ ಹಿಡಿದು ಅಳೆದರು. ಎಡಗಾಲು ಬಲಗಾಲಿನ ಶೇಕಡ 90ರಷ್ಟಾದರೂ ಬರಬೇಕಿತ್ತು. ಬಂದದ್ದು 82. ಟೂರ್ನಿಯ ದಿನ ಅವನು ಗೋಲ್‌ಪೋಸ್ಟ್ ಹಿಂದೆ ನಿಂತು ನೀರಿನ ಬಾಟಲಿ ಹಂಚುತ್ತಿದ್ದ. ಚೆಂಡು ಗೆರೆ ದಾಟಿ ಅವನ ಕಡೆ ಉರುಳಿ ಬಂದಾಗಲೆಲ್ಲ ಎಡಗಾಲನ್ನು ಹಿಂದಿಟ್ಟು, ಬಲಗಾಲಿನಿಂದ ಮೆಲ್ಲಗೆ ಒಳಗೆ ತಳ್ಳುತ್ತಿದ್ದ.