ಕ್ಯಾಂಪ್‌ಫೈರ್ ಬ್ರೆಡ್ ಹೊರಗೆ ಸೀದು ಒಳಗೆ ಹಸಿ ಉಳಿಯೋದು ಯಾಕೆ?

ಪ್ರಶ್ನೆ: ಸಾಗರದ ಹತ್ತಿರ ಹೋಂಸ್ಟೇಯಲ್ಲಿ ಮೈದಾ ಹಿಟ್ಟನ್ನು ಕೋಲಿಗೆ ಸುತ್ತಿ ಬೆಂಕಿಗೆ ಹಿಡಿದೆವು. ಹೊರಗೆ ಇದ್ದಿಲು, ಒಳಗೆ ಹಸಿ ಹಿಟ್ಟು. ಎಲ್ಲಿ ತಪ್ಪಿದೆವು?

ಉರಿಗೆ ಹಿಡಿದಿದ್ದೇ ತಪ್ಪು. ಬೇಕಿದ್ದದ್ದು ಕೆಂಡ. ಕಾವಲಿಯಿಂದ ತೆಗೆದ ಅಕ್ಕಿರೊಟ್ಟಿ ಕೆಂಡದ ಮೇಲೆ ಉಬ್ಬೋದನ್ನು ನೋಡಿ ಬೆಳೆದವರು ನಾವು, ಬಚ್ಚಲೊಲೆಯ ಬಿಸಿಬೂದಿಯಲ್ಲಿ ಹಲಸಿನ ಬೀಜ ಸುಟ್ಟವರು, ಆದರೂ ಕ್ಯಾಂಪ್‌ಫೈರ್ ಅಂದ ಕೂಡಲೇ ಅದೆಲ್ಲ ಮರೆತುಹೋಗುತ್ತದೆ. ನನ್ನದೂ ಮೊದಲ ಸಲ ಹಾಗೇ ಆಯಿತು. ತೋಟದ ಅಂಚಿನಲ್ಲಿ ಕೋಲು ಹಿಡಿದು ಕೂತಿದ್ದಾಗ ದೊಡ್ಡಮ್ಮ ನೋಡಿ, "ಉರಿ ಇಳೀಲಿ ಮಾರಾಯ, ಎಂತಾ ಗಡಿಬಿಡಿ?" ಅಂದರು.

ಹಿಟ್ಟಿನೊಳಗೆ ಕಾವು ಇಳಿಯೋದು ಬಲು ನಿಧಾನ. ಒಳಗೆ ನೀರಿನ ಪಸೆ ಇರುವ ತನಕ ಅದು 100 ಡಿಗ್ರಿ ಸೆಲ್ಸಿಯಸ್ ದಾಟೋದಿಲ್ಲ. ಹೊರಪದರ ಮಾತ್ರ ಬೇಗ ಒಣಗಿ, ಒಣಗಿದ್ದೇ ಸರ್ರನೆ ಬಿಸಿಯೇರಿ ಕಪ್ಪಾಗುತ್ತದೆ. ಕೆಂಡದ ಹದವಾದ ಕಾವಿನಲ್ಲಿ ಒಳಗೂ ಬೇಯೋಕೆ ಪುರುಸೊತ್ತು ಸಿಗುತ್ತದೆ. ಅಡಿಕೆ ಸೋಗೆ ಭಗ್ಗನೆ ಉರಿದು ಬೂದಿಯಾಗುತ್ತದೆ, ಅದನ್ನು ನಂಬಬೇಡಿ. ಗಟ್ಟಿ ಸೌದೆ, ತೆಂಗಿನ ಚಿಪ್ಪು ಹಾಕಿ ಮುಕ್ಕಾಲು ಗಂಟೆ ಕಾಯಿರಿ. ಬ್ರೆಡ್ ಹಿಡಿಯೋ ಎತ್ತರದಲ್ಲಿ ಅಂಗೈ ಚಾಚಿ, ನಿಧಾನಕ್ಕೆ ಐದು ಎಣಿಸುವಷ್ಟು ಹೊತ್ತು ತಡೆದುಕೊಳ್ಳೋಕಾದರೆ ಹದ ಬಂದಿದೆ.

ಎರಡು ಕಪ್ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು, ಅರ್ಧ ಕಪ್ಪಿಗಿಂತ ತುಸು ಜಾಸ್ತಿ ನೀರು. ನೀರು ತಾಗಿದ ಕೂಡಲೇ ಬೇಕಿಂಗ್ ಪೌಡರ್ ಗಾಳಿಗುಳ್ಳೆ ಬಿಡೋಕೆ ಶುರು ಮಾಡುತ್ತದೆ, ಹಾಗಾಗಿ ಕಲಸಿಟ್ಟು ಹರಟೆಗೆ ಕೂರಬೇಡಿ. ಕಿರುಬೆರಳಿನ ದಪ್ಪಕ್ಕೆ ಹೊಸೆದು ಸುತ್ತಿ. ಅದಕ್ಕಿಂತ ದಪ್ಪ ಆದರೆ ಮತ್ತೆ ಅದೇ ಹಸಿ ಕಥೆ. ಅಕ್ಕಿಹಿಟ್ಟು ಇಲ್ಲಿ ಆಗೋದಿಲ್ಲ, ಗೋಧಿಯ ಗ್ಲುಟೆನ್ ಜಿಗುಟು ಅದಕ್ಕಿಲ್ಲ, ಕೋಲಿಂದ ಉದುರಿ ಬೂದಿಗೆ ಬೀಳುತ್ತದೆ.

ಕೋಲಿಗೆ ಪೇರಲೆ ಒಳ್ಳೆಯದು. ಕಾಸರಕ, ಕಣಗಿಲೆ ಎರಡೂ ವಿಷ, ಗುರುತು ಸಿಗದ ಮರದ ಕಡ್ಡಿ ಬೇಡವೇ ಬೇಡ. ಕಾಡೊಳಗೆ ಬೆಂಕಿಯೂ ಬೇಡ, ಬೇಸಿಗೆಯ ದರಗಿಗೆ, ಅಂದರೆ ಒಣಗಿ ಬಿದ್ದ ಎಲೆಗೆ, ಒಂದು ಕಿಡಿ ಸಾಕು. ಅಂಗಳ ಇದೆಯಲ್ವಾ?

ಕೋಲು ತಿರುಗಿಸುತ್ತಾ ಇರಿ. ಹತ್ತು ಹದಿನೈದು ನಿಮಿಷಕ್ಕೆ ಕಂದು ಬಣ್ಣ ಬರುತ್ತದೆ, ಬೆಂದಿದ್ದರೆ ಬ್ರೆಡ್ ಕೋಲಿಂದ ಸಲೀಸಾಗಿ ಜಾರುತ್ತದೆ, ಅಂಟಿದರೆ ಇನ್ನೆರಡು ನಿಮಿಷ. ಸುತ್ತುವಾಗಲೇ ತುದಿ ಮುಚ್ಚಿದ್ದರೆ ಆ ಪೊಳ್ಳಿಗೆ ತುಪ್ಪ, ಜೋನಿ ಬೆಲ್ಲ ಸುರಿಯಬಹುದು. ಮುಚ್ಚದಿದ್ದರೆ ಮೊಣಕೈ ತನಕ ಸೋರುತ್ತದೆ.