ಗಿಡದ ಸಾರ, ವಿಟಮಿನ್ ಮಾತ್ರೆ, ನಡುವೆ ಮಲೇರಿಯಾ

‘ಡಾಕ್ಟ್ರೇ, ಗಿಡಮೂಲಿಕೆ ಸಾರ ಕುಡೀತಿದ್ದೀನಿ, ಜೊತೆಗೆ ವಿಟಮಿನ್ ಮಾತ್ರೆ ನುಂಗಿದ್ರೆ ಮಲೇರಿಯಾ ಬೇಗ ಹೋಗುತ್ತೆ ಅಲ್ವಾ?’ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎರಡೂ ಒಳ್ಳೆಯದು, ಸೇರಿದರೆ ಇನ್ನೂ ಒಳ್ಳೆಯದು ಅನ್ನೋ ಲೆಕ್ಕ. ಈ ಕಾಯಿಲೆಯಲ್ಲಿ ಆ ಲೆಕ್ಕ ಕೈಕೊಡಬಹುದು.

ಗಿಡದಲ್ಲಿ ಔಷಧ ಇಲ್ಲ ಅಂತ ನಾನು ಹೇಳುವುದಿಲ್ಲ. ಮಲೇರಿಯಾದ ಹಳೆಯ ಔಷಧ ಕ್ವಿನೈನ್ ಬಂದಿದ್ದೇ ಸಿಂಕೋನಾ ಮರದ ತೊಗಟೆಯಿಂದ. ಆರ್ಟಿಮಿಸಿಯಾ ಆನ್ಯುವಾ ಗಿಡದಿಂದ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧ ತೆಗೆದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅವರು ಎಲೆ ಕುದಿಸಿ ಕುಡಿಸಲಿಲ್ಲ, ಬಿಸಿಗೆ ಸತ್ವ ಹಾಳಾಗುತ್ತದೆ ಎಂದು ಕಡಿಮೆ ಉಷ್ಣದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. ಈ ಗಿಡದ ಚಹಾವನ್ನು ಮಲೇರಿಯಾಗೆ ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಲೋಟದಲ್ಲಿ ಎಷ್ಟು ಔಷಧ ಇದೆ ಅಂತ ಯಾರಿಗೆ ಗೊತ್ತು?

ಈಗ ವಿಟಮಿನ್ನಿಗೆ ಬರೋಣ. ಮಲೇರಿಯಾ ತರುವ ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ, ಆಗ ಕಬ್ಬಿಣ ಇರುವ ಹೀಮ್ ಹೊರಬೀಳುತ್ತದೆ, ಅದು ತಾಗಿದ ಕೂಡಲೇ ಆರ್ಟಿಮಿಸಿನಿನ್ ಒಡೆದು, ಸಿಕ್ಕಿದ್ದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳಾಗಿ ಪರಾವಲಂಬಿಯ ಪ್ರೋಟೀನುಗಳನ್ನೇ ಹಾಳುಮಾಡುತ್ತದೆ. ವಿಟಮಿನ್ ಸಿ ಮತ್ತು ಇ ಮಾಡೋದೇನು? ಅಂಥ ರ್‍ಯಾಡಿಕಲ್‌ಗಳನ್ನು ತಣ್ಣಗಾಗಿಸುವುದು! ವಿಟಮಿನ್ ಇ ಕೊರತೆ ಇದ್ದ ಇಲಿಗಳಲ್ಲಿ ಈ ಔಷಧ ಹೆಚ್ಚು ಚೆನ್ನಾಗಿ ಕೆಲಸ ಮಾಡಿದೆ. ಇಲಿಯಲ್ಲಿ ಕಂಡಿದ್ದು ಮನುಷ್ಯರಲ್ಲೂ ಆಗಲೇಬೇಕು ಅಂತೇನಿಲ್ಲ, ಆದರೆ ಸೇರಿಸಿದರೆ ಬಲ ಜಾಸ್ತಿ ಅನ್ನೋದಕ್ಕಂತೂ ಆಧಾರ ಸಾಲದು.

ಫೋಲಿಕ್ ಆಸಿಡ್ (ಫೋಲೇಟ್ ಅನ್ನೋ ಬಿ ವಿಟಮಿನ್ನಿನ ಮಾತ್ರೆ ರೂಪ) ವಿಷಯದಲ್ಲಿ ಮಾತ್ರ ಮನುಷ್ಯರಲ್ಲೇ ಕಂಡಿರುವ ತೊಂದರೆ ಇದೆ. ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಅನ್ನೋ ಮಲೇರಿಯಾ ಮಾತ್ರೆ ಪರಾವಲಂಬಿಗೆ ಫೋಲೇಟ್ ಸಿಗದಂತೆ ಮಾಡಿ ಕೊಲ್ಲುತ್ತದೆ. ನಾವು ಒಂದು ಕೈಯಲ್ಲಿ ಈ ಮಾತ್ರೆ ಕೊಟ್ಟು ಇನ್ನೊಂದು ಕೈಯಲ್ಲಿ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟರೆ ಔಷಧದ ಹಿಡಿತ ಸಡಿಲವಾಗುತ್ತದೆ. ಮಲೇರಿಯಾ ತಡೆಯಲು ಈ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರಿಗೆ ದಿನಕ್ಕೆ 0.4 ಮಿಲಿಗ್ರಾಂ ಫೋಲಿಕ್ ಆಸಿಡ್ ಸಾಕು ಅನ್ನುವುದು ಇದಕ್ಕೇ. ಹಾಗಂತ ಫೋಲಿಕ್ ಆಸಿಡ್ಡನ್ನು ನೀವಾಗೇ ನಿಲ್ಲಿಸಬೇಡಿ, ಮಗುವಿಗೆ ಅದು ಬೇಕು.

ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರು ಇನ್ನೂ ಹುಷಾರಾಗಿರಬೇಕು. ಭಾರೀ ಡೋಸ್ ವಿಟಮಿನ್ ಸಿ ಅವರ ರಕ್ತಕಣಗಳನ್ನೇ ಒಡೆಯಬಹುದು.

ನಾನು ಹೇಳೋದು ಇಷ್ಟೇ. ಆರ್ಟಿಮಿಸಿನಿನ್ ಸೇರಿದ ಮಾತ್ರೆಗಳ ಕೋರ್ಸ್ ಸಾಮಾನ್ಯವಾಗಿ 3 ದಿನ. ಅಷ್ಟು ದಿನ ಹೆಚ್ಚು ಡೋಸಿನ ಸಿ, ಇ ಮಾತ್ರೆ ಬದಿಗಿಡಿ, ಹಣ್ಣು ತರಕಾರಿ ಧಾರಾಳವಾಗಿ ತಿನ್ನಿ, ಕುಡಿಯುತ್ತಿರುವ ಸಾರದ ಹೆಸರನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಸುಮ್ನೆ ಸಾರ ಕುಡಿದು ನೋಡೋಣ ಅಂತ ಕಾಯಬೇಡಿ, ಫಾಲ್ಸಿಪಾರಂ ಅನ್ನೋ ಅಪಾಯಕಾರಿ ಬಗೆಯ ಮಲೇರಿಯಾಗೆ 24 ಗಂಟೆಯೊಳಗೆ ಚಿಕಿತ್ಸೆ ಸಿಗದಿದ್ದರೆ ಅದು ಜೀವಕ್ಕೇ ಕುತ್ತು ತರಬಹುದು.